ಗಾಡಿ ಆಫ್ ಆಗದೆ ಎತ್ತೋದನ್ನ ನಾನು ಕಲ್ತಿದ್ದು

ಡ್ರೈವಿಂಗ್ ಸ್ಕೂಲಲ್ಲಿ ಕ್ಲಾಸೆಲ್ಲಾ ಮುಗ್ದಿತ್ತು, ಎಲ್‌ಎಲ್ (ಲರ್ನರ್ ಲೈಸೆನ್ಸ್) ಆಗಿ 30 ದಿನ ತುಂಬೋದೊಂದು ಬಾಕಿ. ನಂಗೆ ಕಾರ್ ಬರತ್ತೆ ಅಂತಾನೇ ಅನ್ಕೊಂಡಿದ್ದೆ. ನಮ್ಮ ಹಳೇ ಆಲ್ಟೋಗೆ ಎಲ್ ಬೋರ್ಡ್ ಅಂಟಿಸಿ ಮನೆ ಮುಂದೆ ಕೂತಾಗ ಗೊತ್ತಾಯ್ತು ಏನೂ ಬರಲ್ಲ ಅಂತ. ಏಳು ಸಲ ಸ್ಟಾರ್ಟ್ ಮಾಡ್ದೆ, ಏಳು ಸಲವೂ ಒಂದು ಜರ್ಕ್ ಕೊಟ್ಟು ಆಫ್. ಎದುರು ಮನೆ ಅಜ್ಜಿ ರಂಗೋಲಿ ಅರ್ಧಕ್ಕೆ ಬಿಟ್ಟು ನೋಡ್ತಾ ನಿಂತ್ಬಿಟ್ರು.

ಆಮೇಲೆ ಯೋಚ್ನೆ ಮಾಡಿದ್ರೆ ಕಾರಣ ಸಿಂಪಲ್. ಸ್ಕೂಲ್ ಕಾರಲ್ಲಿ ಕಲಿಸೋರ ಕಾಲಡಿಗೂ ಕ್ಲಚ್ಚು ಬ್ರೇಕು ಇರತ್ತಲ್ಲ, ನಾನು ತಪ್ಪು ಮಾಡಿದಾಗೆಲ್ಲ ಅವ್ರು ಆ ಕಡೆಯಿಂದ ಒತ್ತಿ ಸರಿ ಮಾಡ್ತಾ ಇದ್ರು, ನಾನು ಸ್ಟೇರಿಂಗ್ ಹಿಡ್ಕೊಂಡು ಆಹಾ ಎಷ್ಟ್ ಸ್ಮೂತಾಗಿ ಹೋಗ್ತಿದೆ ಅಂತ ಖುಷಿ ಪಡ್ತಾ ಇದ್ದೆ. "ನಿಧಾನಕ್ಕೆ ಬಿಡಿ ಮೇಡಂ" ಅಂತ ದಿನಾ ಹೇಳೋರು, ಎಲ್ಲಿವರ್ಗೂ ನಿಧಾನ, ಎಲ್ಲಿಂದ ಬಿಡ್ಬೇಕು ಅಂತ ಒಂದಿನಾನೂ ಹೇಳ್ಲಿಲ್ಲ.

ಕೊನೆಗೆ ಕಲಿಸಿದ್ದು ನಮ್ಮ ಸೋದರಮಾವ. ಅಂಬಾಸಿಡರ್ ಟ್ಯಾಕ್ಸಿ ಓಡಿಸ್ಕೊಂಡೇ ಸಂಸಾರ ಸಾಕ್ದೋರು. ಮೈಸೂರಲ್ಲಿ ಬೋಗಾದಿ ಕಡೆ ಇನ್ನೂ ಮನೆ ಏಳದ ಲೇಔಟ್ ರೋಡಿಗೆ ಬೆಳಿಗ್ಗೆ ಆರು ಗಂಟೆಗೆ ಕರ್ಕೊಂಡು ಹೋದ್ರು. ಮೊದಲ್ನೇ ಮಾತೇ "ಆ ದಪ್ಪ ಶೂ ಬಿಚ್ಚು ಮಗಾ, ಅದ್ರಲ್ಲಿ ಏನೂ ಗೊತ್ತಾಗಲ್ಲ." ಎರಡನೇದು "ಇವತ್ತು ಆಕ್ಸಿಲರೇಟರ್ ಮುಟ್ಟಿದ್ರೆ ನಾನು ಇಳಿದು ಆಟೋ ಹಿಡ್ಕೊಂಡು ಹೋಗ್ತೀನಿ." ಬಲಗಾಲು ಬ್ರೇಕ್ ಮೇಲೆ ಸುಮ್ನೆ ಇರ್ಲಿ, ಎಡಗಾಲಿನ ಹಿಮ್ಮಡಿ ಫ್ಲೋರಿಗೆ ತಾಗ್ಲಿ, ಪಾದ ಮಾತ್ರ ಏಳ್ಲಿ ಅಂದ್ರು. ನಾನು ಅಲ್ಲಿವರ್ಗೂ ಇಡೀ ತೊಡೆನೇ ಎತ್ತುತಾ ಇದ್ದೆ, ಕಾಲು ಗಾಳೀಲಿ ತೇಲ್ತಿದ್ರೆ ಒಂದಿಂಚು ಎರಡಿಂಚು ಅನ್ನೋ ಲೆಕ್ಕ ಎಲ್ಲಿಂದ ಸಿಗ್ಬೇಕು.

ಫಸ್ಟ್ ಗೇರ್ ಹಾಕಿ ಕ್ಲಚ್ ಬಿಡ್ತಾ ಬಂದ್ರೆ ಅರ್ಧ ದೂರ ಏನೂ ಆಗಲ್ಲ. ಆಮೇಲೆ ಒಂದ್ಕಡೆ ಎಂಜಿನ್ ಸೌಂಡು ಗುಂಯ್ ಅಂತ ಇದ್ದಿದ್ದು ಸ್ವಲ್ಪ ದಪ್ಪ ಆಗತ್ತೆ, ಸೀಟಲ್ಲಿ ನಡುಕ ಜಾಸ್ತಿ ಆಗತ್ತೆ, ಗೇರ್ ನಾಬ್ ಮೇಲೆ ಕೈ ಇಟ್ರೆ ಅಲ್ಲೂ ಗೊತ್ತಾಗತ್ತೆ. ಆಲ್ಟೋದು 796 ಸಿಸಿ ಮೂರು ಸಿಲಿಂಡರ್ ಎಂಜಿನ್, ನಡುಗೋದ್ರಲ್ಲಿ ಧಾರಾಳಿ. ನಮ್ ಗಾಡೀಲಿ ಎಂಜಿನ್ ಎಷ್ಟು ಜೋರಾಗಿ ತಿರುಗ್ತಿದೆ ಅಂತ ತೋರ್ಸೋ ಆರ್‌ಪಿಎಂ ಮೀಟರೂ ಇಲ್ಲ, ಅದೇ ಒಳ್ಳೇದಾಯ್ತು, ಕಿವಿ ಕೊಟ್ಟು ಕೇಳೋದು ಬಿಟ್ರೆ ಬೇರೆ ದಾರಿ ಇರ್ಲಿಲ್ಲ. ಆ ಜಾಗ ಸಿಕ್ಕಿದ ತಕ್ಷಣ ಕಾಲು ನಿಲ್ಸಬೇಕು. ನಿಲ್ಸಿ, ಗಾಡಿ ತಾನಾಗೇ ಒಂದೆರಡು ಮೀಟರ್ ಉರುಳೋವರ್ಗೂ ಹಾಗೇ ಹಿಡ್ದು ಆಮೇಲೆ ಪೂರ್ತಿ ಬಿಡೋದು. ನಾನು ಮಾಡ್ತಿದ್ದ ತಪ್ಪೇ ಇದು, ಕ್ಲಚ್ ಹಿಡೀತು ಅಂತ ಗೊತ್ತಾದ ಕೂಡ್ಲೇ ಸಾಧಿಸ್ಬಿಟ್ಟೆ ಅನ್ನೋ ಥರ ಪೂರ್ತಿ ಬಿಟ್ಬಿಡ್ತಿದ್ದೆ.

ಯಾಕೆ ಹಿಡ್ಕೋಬೇಕು ಅಂದ್ರೆ ಮಾವ ಹೇಳಿದ್ದು ನಂಗೆ ಚೆನ್ನಾಗಿ ಕೂತಿದೆ. ಎಂಜಿನ್ ಕಡೆ ಫ್ಲೈವೀಲ್ ಅನ್ನೋ ಭಾರದ ಚಕ್ರ ಸುತ್ತುತಾನೇ ಇರತ್ತೆ, ಗಾಡಿ ನಿಂತಿದ್ದಾಗ ಗೇರಲ್ಲಿದ್ರೆ ಈ ಕಡೆ, ಅಂದ್ರೆ ಗಾಡಿ ಚಕ್ರಗಳ ಕಡೆ, ಕ್ಲಚ್ ಪ್ಲೇಟ್ ನಿಂತಿರತ್ತೆ. ಓಡ್ತಿರೋ ಬಸ್ಸನ್ನ ನಿಂತಲ್ಲಿಂದ ಗಪ್ ಅಂತ ಹಿಡ್ದ್ರೆ ಕೈ ಕಿತ್ತು ಬರತ್ತೆ, ಪಕ್ಕದಲ್ಲೇ ನಾಲ್ಕು ಹೆಜ್ಜೆ ಓಡಿ ಹಿಡ್ದ್ರೆ ಹತ್ಬಹುದು. ಹಾಫ್ ಕ್ಲಚ್ ಅಂದ್ರೆ ಆ ನಾಲ್ಕು ಹೆಜ್ಜೆ, ಪ್ಲೇಟು ಜಾರ್ತಾ ಜಾರ್ತಾ ಫ್ಲೈವೀಲ್ ಸ್ಪೀಡಿಗೆ ಬರೋ ಟೈಮು.

ಅವತ್ತು ಒಂದೂವರೆ ಗಂಟೆ ಬರೀ ಅದೇ. ಎತ್ತು, ನಿಲ್ಸು, ಎತ್ತು, ನಿಲ್ಸು. ಹತ್ತು ಮೀಟರಿಗೊಂದ್ಸಲ. ಸೆಕೆಂಡ್ ಗೇರೇ ಹಾಕ್ಲಿಲ್ಲ. ಬೋರ್ ಹೊಡೀತು ನಿಜ, ಆದ್ರೆ ಮೂವತ್ತನೇದೋ ನಲ್ವತ್ತನೇದೋ ಸಲಕ್ಕೆ ನಾನು ಮಾವನ ಹತ್ರ ತಿಂಡಿಗೆ ಎಲ್ಲಿಗೆ ಹೋಗೋಣ ಅಂತ ಮಾತಾಡ್ತಾನೇ ಗಾಡಿ ಎತ್ತಿದ್ದೆ, ಎತ್ತಿದ್ದು ಆಮೇಲೆ ಗೊತ್ತಾಯ್ತು. ಮಧ್ಯದಲ್ಲಿ ಎರಡ್ಸಲ ಫಸ್ಟ್ ಅಂತ ಥರ್ಡ್ ಹಾಕಿ ಆಫ್ ಮಾಡಿದ್ದು, ಒಂದ್ಸಲ ಹ್ಯಾಂಡ್‌ಬ್ರೇಕ್ ಎಳ್ದಿದ್ದೇ ಮರ್ತು ಒದ್ದಾಡಿದ್ದು ಲೆಕ್ಕಕ್ಕಿಲ್ಲ.

ಆಕ್ಸಿಲರೇಟರ್ ಮಾರನೇ ದಿನ. ಎಂಜಿನ್ ಸೌಂಡು ಇಳಿಯಕ್ಕೆ ಶುರುವಾದಾಗ ಒಂಚೂರು ಕೊಡೋದು, ಅಷ್ಟೇ. ಜಾಸ್ತಿ ಕೊಟ್ಟು ಹಾಫ್ ಕ್ಲಚ್ಚಲ್ಲೇ ಎಳೀತಾ ಹೋದ್ರೆ ಸುಟ್ಟ ವಾಸ್ನೆ ಬರತ್ತೆ, ನಾನು ಬರ್ಸಿದೀನಿ, ಗ್ಲಾಸ್ ಇಳಿಸಿ ಕೂರ್ಬೇಕಾಯ್ತು.

ಏರು ಮಾತ್ರ ಬೇರೇನೇ ಕಥೆ. ಚಾಮುಂಡಿ ಬೆಟ್ಟದ ರೋಡಲ್ಲಿ ಒಂದು ಭಾನುವಾರ ಮುಂದೆ ಸಾಲು ನಿಂತ್ಬಿಡ್ತು, ಹಿಂದೆ ಒಂದು ಇನ್ನೋವಾ ಬಂದು ನನ್ನ ಡಿಕ್ಕಿಗೆ ಅಂಟ್ಕೊಂಡಂಗೆ ನಿಲ್ತು. ಮಾವ ಎಸಿ ಆಫ್ ಮಾಡಿದ್ರು, ಸಣ್ಣ ಎಂಜಿನ್ನಿಗೆ ಅದೂ ಭಾರಾನೇ. ಹ್ಯಾಂಡ್‌ಬ್ರೇಕ್ ಎಳೆದು, ಫಸ್ಟ್ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಕ್ಲಚ್ ಬಿಡ್ತಾ ಬಂದು ಗಾಡಿ ಹಿಂಭಾಗ ಕೂತಂಗೆ ಆಗಿ ಬಾನೆಟ್ ಒಂಚೂರು ಎದ್ದಾಗ ಮಾತ್ರ ಹ್ಯಾಂಡ್‌ಬ್ರೇಕ್ ಇಳಿಸು ಅಂದ್ರು. ಇನ್ನೋವಾದೋನು ಹಾರ್ನ್ ಹೊಡೀತಾನೇ ಇದ್ದ. "ಅವ್ನು ಹೊಡೀಲಿ ಬಿಡು, ಅವನ ಹಾರ್ನ್‌ಗೂ ನಿನ್ ಕ್ಲಚ್ಚಿಗೂ ವೈರ್ ಕನೆಕ್ಷನ್ ಇಲ್ಲ" ಅಂದ್ರು ಮಾವ. ನಗು ಬಂತು, ಕಾಲು ನಡುಗೋದು ನಿಲ್ತು, ಗಾಡಿ ಒಂದಿಂಚೂ ಹಿಂದೆ ಜಾರದೆ ಹೋಯ್ತು.

ಮೊನ್ನೆ ತಮ್ಮನ ಡೀಸೆಲ್ ಸ್ವಿಫ್ಟ್ ಓಡ್ಸಿದೆ. ಆಲ್ಟೋದು 69 ಎನ್‌ಎಂ ಟಾರ್ಕು (ಎಂಜಿನ್ನು ತಿರುಗಿಸೋ ಬಲ), ಅದ್ರದ್ದು 190. ಸಮತಟ್ಟಲ್ಲಿ ಆಕ್ಸಿಲರೇಟರ್ ಮುಟ್ಟದೆ ಆನೆ ಥರ ಹೊರಡತ್ತೆ, ಆದ್ರೆ ಕ್ಲಚ್ ಹಿಡಿಯೋ ಜಾಗ ಪೂರ್ತಿ ಬೇರೆ ಕಡೆ. ಅವನ ಮನೆ ಮುಂದೆ ಎರಡ್ಸಲ ಆಫ್ ಮಾಡ್ದೆ, ಆಮೇಲೆ ಚಪ್ಪಲಿ ಬಿಚ್ಚಿಟ್ಟೆ.