ಆಸ್ಟ್ರೋಸೈಟ್‌ನಲ್ಲಿ ಜೀನ್ ಏರಿತೇ? ಮೊದಲು ಮೈಕ್ರೋಗ್ಲಿಯಾ ತೆಗೆಯಿರಿ

ಮಿದುಳಿನಲ್ಲಿ ನರಕೋಶಗಳಿಗೆ ಆಸರೆಯಾಗಿ ನಿಲ್ಲುವ ಆಸ್ಟ್ರೋಸೈಟ್‌ಗಳು ಎನ್‌ಜಿಎಫ್‌ನಂಥ ಬೆಳವಣಿಗೆ ಅಂಶಗಳನ್ನು ತಯಾರಿಸುತ್ತವೆ. ಇವುಗಳ ಜೀನ್‌ಗಳ ಚಟುವಟಿಕೆಯನ್ನು ಯಾವ ಸಂಕೇತ ಏರಿಸುತ್ತದೆ, ಯಾವುದು ಇಳಿಸುತ್ತದೆ ಎಂದು ಕೋಶಗಳನ್ನು ಬೆಳೆಸಿ ನೋಡಬಹುದು. ಒಳ್ಳೆಯ ಕೈಗಳೂ ಇಲ್ಲಿ ಒಂದೇ ಕಡೆ ಎಡವುವುದನ್ನು ನೋಡಿದ್ದೇನೆ. ಜೀನ್ ಏರಿದ್ದು ಸರಿ, ಆದರೆ ಯಾರು ಹೇಳಿ ಏರಿತು ಎಂದು ಅವರು ಕೇಳುವುದಿಲ್ಲ.

1. ಹುಟ್ಟಿ ಒಂದೆರಡು ದಿನವಾದ ಇಲಿಮರಿಯ ಮಿದುಳಿನ ಹೊರಪದರದಿಂದ ಕೋಶಗಳನ್ನು ಬಿಡಿಸಿ, ಕೋಶ ಅಂಟಲೆಂದು ಪಾಲಿಲೈಸಿನ್ ಬಳಿದ ಫ್ಲಾಸ್ಕ್‌ನಲ್ಲಿ ಬೆಳೆಸಿ. ಮಿದುಳಿನ ಪೊರೆ ಚೂರೂ ಉಳಿಯಬಾರದು. ಏಳರಿಂದ ಹತ್ತು ದಿನಗಳಲ್ಲಿ ತಳ ತುಂಬುತ್ತದೆ.

2. ಈಗ ಅಲುಗಾಡಿಸುವ ಕೆಲಸ. 1980ರಲ್ಲಿ ಸಂಶೋಧಕರಾದ ಮೆಕಾರ್ಥಿ ಮತ್ತು ಡಿ ವೆಲಿಸ್ ತೋರಿಸಿಕೊಟ್ಟ ದಾರಿ ಇದು. ಆಸ್ಟ್ರೋಸೈಟ್‌ಗಳು ತಳಕ್ಕೆ ಗಟ್ಟಿಯಾಗಿ ಅಂಟಿರುತ್ತವೆ. ಮಿದುಳಿನ ರಕ್ಷಣಾ ಕೋಶಗಳಾದ ಮೈಕ್ರೋಗ್ಲಿಯಾ ಅವುಗಳ ಮೇಲೆ ಸಡಿಲವಾಗಿ ಕೂತಿರುತ್ತವೆ. ಶೇಕರ್ ಮೇಲೆ ಮೊದಲು ಒಂದೆರಡು ಗಂಟೆ ಆಡಿಸಿ, ಆ ದ್ರವ ತೆಗೆದು, ಹೊಸದು ಹಾಕಿ ರಾತ್ರಿಯಿಡೀ ಮತ್ತೆ ಆಡಿಸಿ. ಅನೇಕರು ಇಲ್ಲಿಗೇ ನಿಲ್ಲಿಸುತ್ತಾರೆ. ದಯವಿಟ್ಟು ನಿಲ್ಲಿಸಬೇಡಿ. ಇಷ್ಟಾದರೂ ಕೆಲವು ಮೈಕ್ರೋಗ್ಲಿಯಾ ಉಳಿದೇ ಉಳಿಯುತ್ತವೆ. ಕೆಲವೇ ಅಲ್ವಾ ಎನ್ನಬೇಡಿ. ಬ್ಯಾಕ್ಟೀರಿಯಾದ ಹೊರಪದರದಲ್ಲಿರುವ ಎಲ್‌ಪಿಎಸ್ ಎಂಬ ವಸ್ತು ಸೋಂಕಿದರೂ ಸಾಕು, ಅವು ಐಎಲ್-1 ಬೀಟಾ ಎಂಬ ಉರಿಯೂತದ ಸಂಕೇತ ಪ್ರೋಟೀನ್ ಹೊರಬಿಡುತ್ತವೆ. ಅದು ಪಕ್ಕದ ಆಸ್ಟ್ರೋಸೈಟ್‌ನಲ್ಲಿ ಎನ್‌ಜಿಎಫ್ ಜೀನನ್ನು ಏರಿಸುತ್ತದೆ. ನೀವು ಹಾಕಿದ ಔಷಧಿ ಏನೂ ಮಾಡದಿದ್ದರೂ ಫಲಿತಾಂಶ ಚೆನ್ನಾಗಿ ಕಾಣುತ್ತದೆ! ಹಾಗಾಗಿ ಕೋಶಗಳನ್ನು ಬಿಡಿಸಿ ಹೊಸ ತಟ್ಟೆಗೆ ಹಾಕಿದ ಮೇಲೆ ಲ್ಯೂಸಿನ್ ಮೀಥೈಲ್ ಎಸ್ಟರ್ ಕೊಟ್ಟು ಉಳಿದ ಮೈಕ್ರೋಗ್ಲಿಯಾ ಕೊಲ್ಲಿ. ಆಮೇಲೆ ಜಿಎಫ್‌ಎಪಿ (ಆಸ್ಟ್ರೋಸೈಟ್‌ನ ಗುರುತು ಪ್ರೋಟೀನ್) ಮತ್ತು ಐಬಿಎ1 (ಮೈಕ್ರೋಗ್ಲಿಯಾದ ಗುರುತು ಪ್ರೋಟೀನ್) ಎರಡಕ್ಕೂ ಬಣ್ಣ ಹಾಕಿ ಎಣಿಸಿ. ಬರೀ ಜಿಎಫ್‌ಎಪಿ ನೋಡಿದರೆ ಆಸ್ಟ್ರೋಸೈಟ್ ಇವೆ ಎಂದಷ್ಟೇ ಗೊತ್ತಾಗುತ್ತದೆ, ಬೇರೆಯವು ಇಲ್ಲ ಎಂದಲ್ಲ.

ಲ್ಯಾಬ್‌ನಲ್ಲಿ ಸಿದ್ಧವಾಗಿ ಸಿಗುವ ಸಿ6 ಕೋಶಗಳನ್ನು ಬಳಸಿದರೆ ಈ ಗೋಳೇ ಇಲ್ಲ, ನಿಜ. ಆದರೆ ಅವು ಇಲಿಯ ಗ್ಲಿಯೋಮಾ ಗಡ್ಡೆಯಿಂದ ಬಂದವು. ಕೈ ಪಳಗಿಸಿಕೊಳ್ಳಲು ಬಳಸಿ, ಆಸ್ಟ್ರೋಸೈಟ್ ಬಗ್ಗೆ ತೀರ್ಮಾನ ಹೇಳಲು ಬೇಡ.

3. ಕೋಶಗಳನ್ನು ಒಂದು ದಿನ ಸೀರಮ್ (ಪೋಷಣೆಗೆ ಹಾಕುವ ರಕ್ತದ ದ್ರವ) ಇಲ್ಲದೆ ಇಡಿ. ಸೀರಮ್ ತಾನೇ ಈ ಜೀನ್‌ಗಳನ್ನು ಎಬ್ಬಿಸುತ್ತದೆ.

4. ಪರೀಕ್ಷಿಸಬೇಕಾದ ಸಂಕೇತ ಕೊಡಿ. ಈ. ಕೋಲಿ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಪ್ರೋಟೀನ್ ಕೊಂಡಿದ್ದರೆ ಹುಷಾರು, ಸರಿಯಾಗಿ ಶುದ್ಧ ಮಾಡದ ಸರಕಿನಲ್ಲಿ ಎಲ್‌ಪಿಎಸ್ ಉಳಿದಿರುತ್ತದೆ. ಸ್ವಲ್ಪ ಪ್ರೋಟೀನನ್ನು ಕುದಿಸಿ ಬೇರೆ ತಟ್ಟೆಗೆ ಹಾಕಿ. ಕುದಿಸಿದರೆ ಪ್ರೋಟೀನ್ ಕೆಡುತ್ತದೆ, ಎಲ್‌ಪಿಎಸ್ ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಕುದಿಸಿದ್ದೂ ಜೀನ್ ಏರಿಸಿದರೆ ಆ ಬಾಟಲಿ ಎಸೆಯಿರಿ.

5. ಒಂದೇ ಹೊತ್ತಿನ ಮಾದರಿ ಸಾಲದು. ಸಿ-ಫಾಸ್ ಅರ್ಧ ಗಂಟೆಯಲ್ಲೇ ಏರಿ ಬೇಗ ಇಳಿಯುವ ಜೀನ್. ಎನ್‌ಜಿಎಫ್‌ಗೆ ಗಂಟೆಗಳು ಬೇಕು. ನಾನು 0, 1, 3, 6, 24ನೇ ಗಂಟೆಗೆ ತೆಗೆಯುತ್ತೇನೆ.

6. ಆರ್‌ಎನ್‌ಎ ತೆಗೆದು ಕ್ಯೂಪಿಸಿಆರ್ (ಜೀನ್‌ನ ನಕಲು ಎಷ್ಟಿದೆ ಎಂದು ಅಳೆಯುವ ವಿಧಾನ) ಮಾಡಿ. ಹೋಲಿಕೆಗೆ ಎಲ್ಲ ಕೋಶಗಳಲ್ಲೂ ಕೆಲಸ ಮಾಡುವ ಜಿಎಪಿಡಿಎಚ್ ಜೀನ್ ಒಂದನ್ನೇ ಸುಮ್ನೆ ನಂಬಬೇಡಿ, ಕನಿಷ್ಠ ಎರಡು ಜೀನ್ ಇಡಿ.

7. ಜೀನ್‌ನ ನಕಲಾದ ಎಮ್‌ಆರ್‌ಎನ್‌ಎ ಜಾಸ್ತಿಯಾದರೆ ಜೀನ್ ಚುರುಕಾಯಿತು ಎಂದೇ ಅರ್ಥವಲ್ಲ. ಇದ್ದದ್ದು ನಿಧಾನವಾಗಿ ಕರಗುತ್ತಿರಬಹುದು. ಆಕ್ಟಿನೋಮೈಸಿನ್ ಡಿ ಹಾಕಿ ಹೊಸ ನಕಲು ನಿಲ್ಲಿಸಿ, ಉಳಿದದ್ದು ಎಷ್ಟು ಬೇಗ ಕಡಿಮೆಯಾಗುತ್ತದೆ ನೋಡಿ. ಸಂಕೇತ ಕೊಟ್ಟ ತಟ್ಟೆಯಲ್ಲೂ ಕೊಡದ ತಟ್ಟೆಯಲ್ಲೂ ಒಂದೇ ವೇಗದಲ್ಲಿ ಇಳಿದರೆ, ಆಗ ಜೀನನ್ನು ಚಾಲೂ ಮಾಡುವ ಡಿಎನ್‌ಎ ಭಾಗವಾದ ಪ್ರೊಮೋಟರ್ ಕಡೆಗೆ ಹೋಗಿ.