ಸೆರೆಯಾಳುಗಳ ಕಾಗದ ಓದುತ್ತಿದ್ದ ದಿನಗಳು

ನಾನು ಬೀದರಿನವನು. ನಿಜಾಮರ ಆಡಳಿತದ ಕೊನೆಯ ವರ್ಷಗಳಲ್ಲಿ ಶಾಲೆಗೆ ಸೇರಿದ್ದರಿಂದ ಮೊದಲು ಕಲಿತದ್ದು ಅಲಿಫ್, ಬೇ. ಅ, ಆ ಬಂದದ್ದು ಆಮೇಲೆ. ಆ ಉರ್ದು ಉಪಯೋಗಕ್ಕೆ ಬಂದದ್ದು 1972ರಲ್ಲಿ. 1971ರ ಯುದ್ಧದಲ್ಲಿ ಢಾಕಾದಲ್ಲಿ ಸೋತು ಸೆರೆಯಾದ ಸುಮಾರು 93,000 ಪಾಕಿಸ್ತಾನಿಯರಲ್ಲಿ ಕೆಲವರನ್ನು ಇಟ್ಟಿದ್ದ ಉತ್ತರದ ಶಿಬಿರವೊಂದರಲ್ಲಿ ನಾನು ಹವಾಲ್ದಾರ್ ಗುಮಾಸ್ತ. ಅವರು ಊರಿಗೆ ಬರೆಯುವ ಕಾಗದ ಓದಿ ಮೊಹರು ಒತ್ತುವುದು ನನ್ನ ಕೆಲಸ.

ಯುದ್ಧಕೈದಿಗಳನ್ನು ನಡೆಸಿಕೊಳ್ಳುವ ಬಗೆಗಿನ ಜಿನೀವಾ ಒಪ್ಪಂದದ ಪ್ರಕಾರ ಒಬ್ಬೊಬ್ಬರಿಗೆ ತಿಂಗಳಿಗೆ ಕನಿಷ್ಠ ಎರಡು ಪತ್ರ, ನಾಲ್ಕು ಕಾರ್ಡು. ಶತ್ರುವಿಗೆ ಇಷ್ಟು ಉಪಚಾರ ಯಾಕೆ ಎಂದು ಗೊಣಗಿದವರಲ್ಲಿ ನಾನೂ ಒಬ್ಬ. ಅವರು ಪಕ್ಕಾ ಬ್ಯಾರಕಿನಲ್ಲಿ, ಚಳಿಯಲ್ಲಿ ಡೇರೆಯೊಳಗೆ ನಡುಗುತ್ತಿದ್ದವರು ನಾವು.

ಒಬ್ಬ ಸಿಪಾಯಿ ಹೆಂಡತಿಗೆ ಇದನ್ನೇ ಬರೆದಿದ್ದ. ಕಾವಲಿನ ಗುಟ್ಟು ಹೊರಗೆ ಹೋಗುತ್ತದೆಂದು ಆ ಸಾಲಿಗೆ ಶಾಯಿ ಬಳಿಯಲು ಹೊರಟೆ. ಮೇಜರ್ ಸಾಹೇಬರು ಕೈ ತಡೆದರು. "ಇದು ಅವರ ಹಳ್ಳಿಯಲ್ಲಿ ಹತ್ತು ಮನೆಗೆ ಗೊತ್ತಾಗಲಿ. ನಮ್ಮ ರೇಡಿಯೋ ಹೇಳಿದರೆ ಅಲ್ಲಿ ಯಾರು ನಂಬುತ್ತಾರೆ?"

ಯುದ್ಧದ ಕೊನೆಯ ದಿನಗಳಲ್ಲಿ, ಶರಣಾದವರನ್ನು ಒಪ್ಪಂದದಂತೆ ನಡೆಸಿಕೊಳ್ಳುತ್ತೇವೆಂದು ನಮ್ಮ ಸೇನಾ ಮುಖ್ಯಸ್ಥ ಜನರಲ್ ಮಾಣೆಕ್‌ಷಾ ರೇಡಿಯೋದಲ್ಲಿ ಮಾತು ಕೊಟ್ಟಿದ್ದರು. ಆ ಮಾತು ಸುಳ್ಳಾದರೆ ಮುಂದಿನ ಸಲ ಶತ್ರು ಬಂದೂಕು ಕೆಳಗಿಡುವುದಿಲ್ಲ; ಅವನ ಕೊನೆಯ ಗುಂಡು ಬೀಳುವುದು ನಮ್ಮ ಹುಡುಗರ ಎದೆಗೆ. ನಮ್ಮವರೂ ಆಗ ಪಾಕಿಸ್ತಾನದ ಲಾಯಲ್‌ಪುರದಲ್ಲಿ ಸೆರೆಯಲ್ಲಿದ್ದರು. ಇಷ್ಟು ನನ್ನ ತಲೆಗೆ ಹೋಗಲು ಕೆಲವು ತಿಂಗಳು ಬೇಕಾಯಿತು.

ಒಂದು ದಿನ ಹಾಜರಿಯ ಹೊತ್ತಿನಲ್ಲಿ ನಮ್ಮ ಕಾವಲಿನವನೊಬ್ಬ ಅದೇ ಸಿಪಾಯಿಯ ಕೆನ್ನೆಗೆ ಬಾರಿಸಿದ. ಸೆರೆಯಾಳುಗಳಲ್ಲಿ ಬಂಗಾಳದಲ್ಲಿ ಕೈಗೆ ರಕ್ತ ಮೆತ್ತಿಕೊಂಡವರೂ ಇದ್ದಿರಬಹುದು, ಆದರೆ ಅದರ ವಿಚಾರಣೆ ಕಾವಲಿನವನ ಅಂಗೈಗೆ ಸೇರಿದ್ದಲ್ಲ. ಮರುದಿನದ ಕಾರ್ಡಿನಲ್ಲಿ ಆ ಏಟು ಬಂತು. ಈ ಸಲವಂತೂ ಅಳಿಸಲೇಬೇಕು ಎಂದುಕೊಂಡೆ. ಸಾಹೇಬರನ್ನು ಕೇಳಿದೆ. "ಹೊಡೆದದ್ದು ನಿಜ ತಾನೇ?" ಎಂದರು. ಹೌದು ಎಂದೆ. "ಹಾಗಾದರೆ ಹೋಗಲಿ. ಏಟನ್ನು ಅಳಿಸಿದರೆ ಬ್ಯಾರಕಿನ ಮಾತನ್ನೂ ಯಾರೂ ನಂಬುವುದಿಲ್ಲ." ಹೊಡೆದವನಿಗೆ ಶಿಕ್ಷೆಯಾಯಿತು. ಚಾಡಿ ಹೇಳಿದವನು ನಾನೇ ಎಂದುಕೊಂಡು ಅವನು ಬಹಳ ದಿನ ನನ್ನೊಡನೆ ಮಾತು ಬಿಟ್ಟಿದ್ದ.

ಎರಡು ತಿಂಗಳ ಮೇಲೆ ಆ ಹೆಂಡತಿಯ ಉತ್ತರ ಬಂತು. ಅದನ್ನೂ ನಾನೇ ಓದಿದೆ. ಏಟಿನ ಸುದ್ದಿಯೇ ಇಲ್ಲ. ಎಮ್ಮೆ ಕರು ಹಾಕಿದೆ, ಕಂಬಳಿ ಸಾಲುತ್ತದೆಯೇ ಬರೆಯಿರಿ ಎಂದಿತ್ತು. ಮೊಹರು ಒತ್ತಿ ಬ್ಯಾರಕಿಗೆ ಕಳಿಸಿದೆ.