ಕೈಯ ಇಸುಬು: ತೊಳೆದ ಮೇಲಿನ 3 ನಿಮಿಷ

ಬಳ್ಳಾರಿಯ ನಮ್ಮ ಓಣಿಯಲ್ಲಿ ದಿನಾ ನೋಡುತ್ತೇನೆ. ಪಾತ್ರೆ ತೊಳೆದು, ಒದ್ದೆ ಕೈಯನ್ನು ಸೆರಗಿಗೆ ಒಮ್ಮೆ ಒತ್ತಿ, ಹಾಗೇ ರೊಟ್ಟಿ ಹಿಟ್ಟಿಗೆ ಕೈ ಹಾಕುತ್ತಾರೆ. ಬೆರಳ ಸಂದಿಯ ನೀರು ಅಲ್ಲೇ ಇರುತ್ತದೆ. ಮೊದಲು ತುರಿಕೆ, ಆಮೇಲೆ ಕೆಂಪು, ಆಮೇಲೆ ಬಿರುಕು. ಕೇಳಿದರೆ "ಉಷ್ಣ ಆಗೈತಿ ಬಿಡಕ್ಕ" ಅನ್ನುತ್ತಾರೆ. ಉಷ್ಣ ಅಲ್ಲ, ಅದು ಇಸುಬು. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ.

ಮೊದಲು ಕಾರಣ ಹುಡುಕಿ. ಚರ್ಮದ ಎಣ್ಣೆಯಂಶವನ್ನು ಸೋಪು, ಬಿಸಿನೀರು ತೊಳೆದುಹಾಕುತ್ತವೆ. ಬೋರಿನ ಸವುಳು ನೀರಲ್ಲಿ ನೊರೆ ಬರಲ್ಲ ಅಂತ ನಾವು ಸೋಪು ಜಾಸ್ತಿ ಹಾಕುತ್ತೇವೆ ಬೇರೆ. ಗಾರೆ ಕೆಲಸದವರಿಗೆ ಹಸಿ ಸಿಮೆಂಟಿನ ಕ್ರೋಮಿಯಂ, ಜೀನ್ಸ್ ತೊಳೆಯುವವರಿಗೆ ಬ್ಲೀಚು ಕಾರಣವಾಗಬಹುದು. ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳಿನ ತುದಿ ಮಾತ್ರ ಸೀಳಿದ್ದರೆ ಬೆಳ್ಳುಳ್ಳಿ ಸುಲಿಯುವುದನ್ನು ನೆನಪಿಸಿಕೊಳ್ಳಿ. ಹಿಡಿಯುವ ಕೈಗೇ ಅದರ ಏಟು.

ಉಂಗುರ ತೆಗೆದಿಟ್ಟು, ತಣ್ಣೀರಲ್ಲೋ ಉಗುರುಬೆಚ್ಚಗಿನ ನೀರಲ್ಲೋ ತೊಳೆಯಿರಿ.

ಜನ ಎಡವುವುದು ಇನ್ನು ಮುಂದೆ. ಒರೆಸುವಾಗ ಉಜ್ಜಬೇಡಿ. ಹಳೆಯ ಮೆತ್ತನೆ ಹತ್ತಿ ಬಟ್ಟೆ ತಗೊಂಡು ಅಂಗೈ, ಹಿಂಗೈ ಒತ್ತಿ, ಆಮೇಲೆ ಬಟ್ಟೆಯ ತುದಿಯನ್ನು ಒಂದೊಂದೇ ಬೆರಳ ಸಂದಿಗೆ ತೂರಿಸಿ ನೀರು ಹೀರಿಸಿ. ಚರ್ಮ ಇನ್ನೂ ಸ್ವಲ್ಪ ಹಸಿ ಹಸಿ ಇರುವಾಗಲೇ, 3 ನಿಮಿಷದೊಳಗೆ, ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಹಿಂಗೈಯಿಂದ ಶುರು ಮಾಡಿ, ಸಂದಿ, ಉಗುರಿನ ಬುಡ, ಕೊನೆಗೆ ಅಂಗೈ. ಅಂಗೈಯಿಂದ ಶುರು ಮಾಡಿದರೆ ಎಲ್ಲ ಅಲ್ಲೇ ಮುಗಿದು ಸಂದಿಗೆ ಏನೂ ಉಳಿಯಲ್ಲ. ಘಮಘಮ ಲೋಷನ್ ಬೇಡವೇ ಬೇಡ, ಆ ಸುವಾಸನೆಯೇ ಕೆಲವರಿಗೆ ಅಲರ್ಜಿ. ಜೆಲ್ಲಿಯ ಜಿಡ್ಡು ಕಿರಿಕಿರಿ ಅನ್ನುವವರು ರಾತ್ರಿಯಾದರೂ ದಪ್ಪಗೆ ಹಚ್ಚಿ, ಹತ್ತಿ ಗ್ಲೌಸ್ ಹಾಕಿ ಮಲಗಿ.

ಪಾತ್ರೆಗೆ ರಬ್ಬರ್ ಗ್ಲೌಸ್ ಸರಿ, ಆದರೆ ಒಳಗೆ ಹತ್ತಿಯದು ಇರಲಿ. ನಮ್ಮ ಬಿಸಿಲಿಗೆ ಒಳಗೆ ಬೆವರು ನಿಲ್ಲುತ್ತದೆ, 20 ನಿಮಿಷಕ್ಕೊಮ್ಮೆ ತೆಗೆಯಿರಿ. ತೂತು ಬಿದ್ದ ಗ್ಲೌಸ್ ಬರಿಗೈಗಿಂತ ಕೆಟ್ಟದ್ದು, ಸೋಪಿನ ನೀರು ಒಳಗೇ ಕೂತಿರುತ್ತದೆ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಮೆಡಿಕಲ್ ಶಾಪಿನಲ್ಲಿ "ತುರಿಕೆಗೆ ಕೊಡ್ರಿ" ಅಂದರೆ ಸಿಗುವ ಟ್ಯೂಬಿನಲ್ಲಿ ಎಷ್ಟೋ ಸಲ ಜೋರಾದ ಸ್ಟೀರಾಯ್ಡ್ ಇರುತ್ತದೆ. ಎರಡೇ ದಿನಕ್ಕೆ ಹಾಯ್ ಅನಿಸುತ್ತದೆ, ಸುಮ್ನೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ. ಸ್ಟೀರಾಯ್ಡ್ ಬೇಕಾಗಬಹುದು, ಆದರೆ ಎಷ್ಟು, ಎಷ್ಟು ದಿನ ಅಂತ ಡಾಕ್ಟರೇ ಹೇಳಲಿ.

ಕೀವು ಬಂದರೆ ಕಾಯಬೇಡಿ. ಒಂದೇ ಕೈಯಲ್ಲಿ ಹೊಟ್ಟಿನಂತೆ ಉದುರುತ್ತಿದ್ದರೂ ಕಾಯಬೇಡಿ, ಅದು ಫಂಗಸ್ ಇರಬಹುದು. ಚರ್ಮದ ಡಾಕ್ಟರ ಹತ್ತಿರ ಹೋಗುವಾಗ ಮನೆಯ ಸೋಪು, ಪೌಡರಿನ ಕವರ್, ಹಚ್ಚುತ್ತಿದ್ದ ಟ್ಯೂಬು ಎಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ.